ಹಳೆಯ ಪೋರ್ಷೆ 911ರ ಟಾಪ್ ಬದಲಿಸುವುದು: ಸನ್‌ರೂಫ್ ತೆಗೆದು ಇಡೀ ಶೀಟು ಕೂರಿಸುವ ಕ್ರಮ

1974ರಿಂದ 1989ರವರೆಗಿನ ಪೋರ್ಷೆ 911 ಕೂಪೆಗಳಲ್ಲಿ, ಅಂದರೆ ಎರಡು ಬಾಗಿಲಿನ, ತಗಡಿನ ಟಾಪ್‌ನ ಕಾರುಗಳಲ್ಲಿ, ಅನೇಕವು ಎಲೆಕ್ಟ್ರಿಕ್ ಸನ್‌ರೂಫ್ ಜೊತೆಗೇ ಮಾರಾಟವಾದವು. ಮುಂದಿನ ಬಾನೆಟ್ ಕೆಳಗಿನ ಆಪ್ಷನ್ ಸ್ಟಿಕ್ಕರ್‌ನಲ್ಲಿ 650 ಅಂತ ಇದ್ದರೆ ಅದೇ ಸನ್‌ರೂಫ್‌ನ ಸಂಖ್ಯೆ. ಈಗ ಆ ಕಾರುಗಳಿಗೆ ನಲವತ್ತು, ಐವತ್ತರ ಆಸುಪಾಸು ವಯಸ್ಸು. ಸನ್‌ರೂಫ್ ಸುತ್ತಲಿನ ನೀರು ಇಳಿಯುವ ಕೊಳವೆಗಳು ಕಟ್ಟಿಕೊಳ್ಳುತ್ತವೆ. ನೀರು ಒಳಗಿನ ತಟ್ಟೆಯಲ್ಲೇ ನಿಲ್ಲುತ್ತದೆ, ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ತಗಡು ಕಾಗದದಷ್ಟು ತೆಳ್ಳಗಾಗಿರುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಇನ್ನೊಂದು ತೊಂದರೆ. ಸನ್‌ರೂಫ್‌ನ ಚೌಕಟ್ಟು ತಲೆಯ ಮೇಲಿನ ಜಾಗವನ್ನು ತಿನ್ನುತ್ತದೆ, ಹೆಲ್ಮೆಟ್ ಹಾಕಿದರೆ ತಾಗುತ್ತದೆ.

ಆಗ ಬರುವ ಯೋಚನೆ ಸುಲಭದ್ದು: ಆ ತೂತಿಗೆ ಸರಿಯಾಗಿ ಒಂದು ತಗಡು ಕತ್ತರಿಸಿ, ಸುತ್ತ ವೆಲ್ಡ್ ಮಾಡಿ, ಪುಟ್ಟಿ ಬಳಿದರೆ ಮುಗೀತು, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಖಾನೆಯವರು ಎಲ್ಲಿ ಜೋಡಿಸಿದ್ದಾರೋ ಅಲ್ಲೇ ಬಿಡಿಸಿ, ಇಡೀ ಶೀಟನ್ನು ಬದಲಿಸಿ.

ಕಾರಣ ಶಾಖ. ಟಾಪ್‌ನ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಮಧ್ಯಭಾಗ ಹೆಚ್ಚುಕಡಿಮೆ ಸಪಾಟು. ವೆಲ್ಡ್ ಮಾಡುವಾಗ ಆ ಗೆರೆಯ ತಗಡು ಕಾದು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದಕ್ಕೆ ಜಾಗ ಕೊಡುವುದಿಲ್ಲ. ಹಾಗಾಗಿ ಅಲ್ಲೇ ಒತ್ತಿಕೊಂಡು ದಪ್ಪಗಾಗುತ್ತದೆ. ಆರಿದಾಗ ಮೊದಲಿಗಿಂತ ಕುಗ್ಗುತ್ತದೆ, ಪಕ್ಕದ ತಗಡನ್ನೂ ಎಳೆದುಕೊಳ್ಳುತ್ತದೆ. ಬೆಂಕಿಯ ಮೇಲಿಟ್ಟ ಹಪ್ಪಳದ ಹಾಗೆ ಇಡೀ ಟಾಪ್ ಸೊಟ್ಟಗಾಗುತ್ತದೆ. ಅದನ್ನು ಮುಚ್ಚಲು ಪುಟ್ಟಿ ಮೇಲೆ ಪುಟ್ಟಿ ಬೀಳುತ್ತದೆ, ಬಿಸಿಲು ಚಳಿಗೆ ವರ್ಷ ಕಳೆಯುವುದರೊಳಗೆ ಅದರ ಅಂಚು ಬಣ್ಣದಲ್ಲಿ ಮೂಡುತ್ತದೆ. ಕಾರ್ಖಾನೆಯ ಜೋಡಣೆಗಳು ಹಾಗಲ್ಲ. ಅವೆಲ್ಲ ಟಾಪ್‌ನ ಅಂಚಿನಲ್ಲಿವೆ. ಎರಡು ಬದಿ ಮಳೆನೀರಿನ ಗಟರ್ ಒಳಗೆ, ಮುಂದೆ ವಿಂಡ್‌ಶೀಲ್ಡ್ ಚೌಕಟ್ಟಿನ ಅಂಚಿನಲ್ಲಿ, ಹಿಂದೆ ಗಾಜಿನ ಚೌಕಟ್ಟಿನ ಅಂಚಿನಲ್ಲಿ. ಆ ಅಂಚುಗಳು ಮಡಿಸಿದ ತಗಡಿನವು, ಗಟ್ಟಿ. ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿದರೆ ಶಾಖ ಮಧ್ಯದವರೆಗೆ ಬರುವುದೇ ಇಲ್ಲ.

ಇನ್ನೊಂದು ಮಾತು. ಸನ್‌ರೂಫ್ ಸರಿಯಾಗಿ ಓಡುತ್ತಿದ್ದರೆ, ತುಕ್ಕು ಇಲ್ಲದಿದ್ದರೆ ಅದನ್ನು ಹಾಗೇ ಬಿಡಿ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿಗೆ ಅದರದ್ದೇ ಬೆಲೆ ಇದೆ. ಕೇಬಲ್ ಸಿಕ್ಕಿಕೊಂಡಿದೆ, ಮೋಟರ್ ತಿರುಗುತ್ತಿಲ್ಲ ಅನ್ನುವ ಕಾರಣಕ್ಕೆ ಟಾಪ್ ಕತ್ತರಿಸುವುದು ಬೇಡ, ಅವನ್ನು ಬದಲಿಸಬಹುದು. ತಟ್ಟೆ ಮತ್ತು ಸುತ್ತಲಿನ ತಗಡು ತುಕ್ಕಿಗೆ ಹೋಗಿದ್ದರೆ, ಅಥವಾ ಟಾಪ್ ಜಜ್ಜಿ ಹೋಗಿದ್ದರೆ ಮಾತ್ರ ಮುಂದೆ ಓದಿ.

ಶೀಟು ಹುಡುಕುವುದು

ಸನ್‌ರೂಫ್ ಇಲ್ಲದ ಕೂಪೆಯ ಟಾಪ್ ಬೇಕು. 911 ಕೂಪೆಯ ಟಾಪ್‌ನ ಆಕಾರ 1960ರ ದಶಕದಿಂದ 1989ರವರೆಗೆ ಹೆಚ್ಚು ಬದಲಾಗಲಿಲ್ಲ, ಹಾಗಾಗಿ ಹುಡುಕುವ ವ್ಯಾಪ್ತಿ ದೊಡ್ಡದು. ಆದರೆ ಒಂದು ವ್ಯತ್ಯಾಸ ಗಮನಿಸಿ. 1976ರ ಮಾಡೆಲ್‌ನಿಂದ ಪೋರ್ಷೆ ತನ್ನ ಕಾರುಗಳ ಬಾಡಿಯಲ್ಲಿ ಸತು ಲೇಪಿಸಿದ ಉಕ್ಕು ಬಳಸಲು ಶುರುಮಾಡಿತು, ತುಕ್ಕಿಗೆ 6 ವರ್ಷದ ಗ್ಯಾರಂಟಿಯನ್ನೂ ಕೊಟ್ಟಿತು. ನಿಮ್ಮದು 1976ರ ನಂತರದ ಕಾರಾದರೆ ಅದೇ ಕಾಲದ ಶೀಟು ಸಿಕ್ಕರೆ ಒಳ್ಳೆಯದು. ಹಳೆಯ ಕಾರಿನ ಶೀಟು ಕೂಡ ಕೂರುತ್ತದೆ, ಆದರೆ ಅದಕ್ಕೆ ಸತುವಿನ ರಕ್ಷಣೆ ಇರುವುದಿಲ್ಲ.

ಗುಜರಿಗೆ ಹೋದ ಕಾರಿನಿಂದ ತರುವುದಾದರೆ ಕತ್ತರಿಸುವವರಿಗೆ ಸ್ಪಷ್ಟವಾಗಿ ಹೇಳಿ: ಟಾಪ್ ಹೊತ್ತ ಕಂಬಗಳ, ಅಂದರೆ ಪಿಲ್ಲರ್‌ಗಳ, ಮೇಲ್ಭಾಗವೂ ಸೇರಿ, ಎರಡೂ ಗಾಜಿನ ಚೌಕಟ್ಟು ಸೇರಿ, ಧಾರಾಳವಾಗಿ ಅಗಲ ಬಿಟ್ಟು ಕತ್ತರಿಸಬೇಕು. ಬೇಡದ್ದನ್ನು ಮನೆಯಲ್ಲಿ ನಿಧಾನವಾಗಿ ಬಿಡಿಸಿಕೊಳ್ಳಬಹುದು. ಕಡಿಮೆ ಬಿದ್ದರೆ ಸೇರಿಸುವುದು ಕಷ್ಟ. ಒಳಗಡೆ ಅಂಟಿಸಿರುವ ಅಡ್ಡಪಟ್ಟಿ ಏನಾದರೂ ಇದ್ದರೆ ಅದೂ ಜೊತೆಗೇ ಬರಲಿ. ಸಾಗಿಸುವಾಗ ನೆಲಕ್ಕೆ ಮಲಗಿಸಿ ಮೇಲೆ ಸಾಮಾನು ಹೇರುವ ಅಭ್ಯಾಸ ಎಲ್ಲ ಕಡೆ ಇದೆ. ಅದಕ್ಕೆ ಅವಕಾಶ ಕೊಡಬೇಡಿ. ಮರದ ಚೌಕಟ್ಟಿಗೆ ಕಟ್ಟಿ ನಿಲ್ಲಿಸಿಯೇ ತರಬೇಕು.

ಶೀಟು ಬಂದ ಮೇಲೆ ಒಂದು ಟ್ಯೂಬ್‌ಲೈಟ್ ಕೆಳಗೆ ಇಟ್ಟು ನೋಡಿ. ಮೇಲ್ಮೈಯಲ್ಲಿ ಬೆಳಕಿನ ಗೆರೆ ನೇರವಾಗಿ ಓಡಬೇಕು. ಎಲ್ಲಿ ಗೆರೆ ಡೊಂಕಾಗುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ಅಂಗೈಯಿಂದ ಮಧ್ಯದಲ್ಲಿ ಮೆಲ್ಲಗೆ ಒತ್ತಿ. ಟಪ್ ಅಂತ ಒಳಗೆ ಹೋಗಿ ಹಾಗೇ ನಿಂತರೆ ಆ ತಗಡು ಎಲ್ಲೋ ಹಿಗ್ಗಿದೆ. ಅಂಥ ಶೀಟು ಅಗ್ಗಕ್ಕೆ ಸಿಕ್ಕರೂ ಬೇಡ.

ಕಾರನ್ನು ಬಿಚ್ಚುವುದು

ಬ್ಯಾಟರಿ ಮುಂದಿನ ಡಿಕ್ಕಿಯ ಎಡಮೂಲೆಯಲ್ಲಿದೆ. ಅದರ ಸಂಪರ್ಕ ತಪ್ಪಿಸಿದರೆ ಸಾಲದು, ಬ್ಯಾಟರಿಯನ್ನೇ ಹೊರಗೆ ತೆಗೆಯಿರಿ. ಕಾರು 1984ರ ನಂತರದ ಕ್ಯಾರೆರಾ 3.2 ಆದರೆ ಡ್ರೈವರ್ ಸೀಟಿನ ಕೆಳಗೆ ಎಂಜಿನ್ ಕಂಟ್ರೋಲ್ ಯೂನಿಟ್ ಇದೆ. ಅದನ್ನೂ ಬಿಚ್ಚಿ ಮನೆಯೊಳಗೆ ಇಡಿ. ವೆಲ್ಡಿಂಗ್ ಕರೆಂಟು ಅದರ ಮೂಲಕ ಹಾದರೆ ಬದಲಿಸಲು ಭಾರಿ ಖರ್ಚು. ಪೆಟ್ರೋಲ್ ಟ್ಯಾಂಕ್ ಕೂಡ ಮುಂದೆಯೇ ಇದೆ ಅನ್ನುವುದು ನೆನಪಿರಲಿ.

ಸೀಟು, ಕಾರ್ಪೆಟ್, ಸನ್ ವೈಸರ್, ಒಳಕನ್ನಡಿ ಎಲ್ಲ ಹೊರಗೆ. ಮುಂದಿನ ಮತ್ತು ಹಿಂದಿನ ಗಾಜುಗಳು ಈ ಕಾರುಗಳಲ್ಲಿ ರಬ್ಬರ್ ಬೀಡಿಂಗ್‌ನಲ್ಲಿ ಕೂತಿವೆ, ಅಂಟಿಸಿದ್ದಲ್ಲ. ಹಳೆಯ ಬೀಡಿಂಗನ್ನು ಉಳಿಸಲು ಹೋಗಬೇಡಿ. ಬ್ಲೇಡಿನಿಂದ ಅದರ ಹೊರ ಅಂಚನ್ನು ಕತ್ತರಿಸಿದರೆ ಗಾಜು ಸುಲಭವಾಗಿ ಹೊರಬರುತ್ತದೆ. ಹಿಂದಿನ ಗಾಜಿನ ಹೀಟರ್ ವೈರುಗಳನ್ನು ಮೊದಲೇ ಬಿಡಿಸಿ. ಬಾಗಿಲಿನ ಗಾಜುಗಳನ್ನು ಪೂರ್ತಿ ಕೆಳಗಿಳಿಸಿ ಮೇಲೆ ವೆಲ್ಡಿಂಗ್ ಕಂಬಳಿ ಹೊದಿಸಿ. ಗ್ರೈಂಡರ್‌ನ ಕಿಡಿ ಗಾಜಿಗೆ ಅಂಟಿಕೊಂಡರೆ ಕಪ್ಪು ಚುಕ್ಕೆಯಾಗುತ್ತದೆ, ಆಮೇಲೆ ಹೋಗುವುದಿಲ್ಲ.

ಹೆಡ್‌ಲೈನರ್, ಅಂದರೆ ಟಾಪ್‌ನ ಒಳಹೊದಿಕೆ, ಸಣ್ಣ ಸಣ್ಣ ತೂತುಗಳಿರುವ ವಿನೈಲ್. ಉಕ್ಕಿನ ಕಂಬಿಗಳ ಮೇಲೆ ತೂಗುತ್ತದೆ, ಅಂಚುಗಳನ್ನು ಗಾಜಿನ ಚೌಕಟ್ಟಿಗೆ ಅಂಟಿಸಿರುತ್ತಾರೆ. ಕಂಬಿಗಳ ಬಾಗು ಒಂದೊಂದಕ್ಕೂ ಬೇರೆ. ತೆಗೆಯುವಾಗಲೇ ಮುಂದಿನಿಂದ 1, 2, 3 ಎಂದು ಬರೆದು, ಎಡ ಬಲ ಗುರುತು ಹಾಕಿ. ಸನ್‌ರೂಫ್ ಕಾರಿನ ಹೆಡ್‌ಲೈನರ್ ಬೇರೆ ಕಟಿಂಗ್, ಹೊಸ ಟಾಪ್‌ಗೆ ಬರುವುದಿಲ್ಲ. ಸನ್‌ರೂಫ್ ಇಲ್ಲದ ಕಾರಿನದ್ದನ್ನೇ ತರಿಸಬೇಕು, ಅದರ ಕಂಬಿಗಳನ್ನೂ ಸೇರಿಸಿ. ಮೊದಲು ಸನ್‌ರೂಫ್ ಶೀಟು, ಆಮೇಲೆ ಕೇಬಲ್ ಮತ್ತು ಮೋಟರ್ ಬಿಚ್ಚಿ. ಒಂದನ್ನೂ ಎಸೆಯಬೇಡಿ. ಬೇರೆ ಯಾರಿಗೋ ಅವು ಬೇಕಾಗಿರುತ್ತವೆ.

ಅಳತೆ

ಏನನ್ನೂ ಕತ್ತರಿಸುವ ಮುಂಚೆ ಇಡೀ ಒಂದು ದಿನ ಅಳತೆಗೆ ಇಡಿ. ಕಾರು ಸಮತಟ್ಟಾದ ನೆಲದ ಮೇಲೆ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಲಿ. ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದ ಕಾರಿನ ಅಳತೆ ಸುಳ್ಳು ಹೇಳುತ್ತದೆ. ವಿಂಡ್‌ಶೀಲ್ಡ್ ಜಾಗದ ಎರಡು ಕರ್ಣಗಳು, ಹಿಂದಿನ ಗಾಜಿನ ಎರಡು ಕರ್ಣಗಳು, ಎಡ ಗಟರ್‌ನಿಂದ ಬಲ ಗಟರ್‌ಗೆ ಮೂರು ಕಡೆ ಅಗಲ. ಎಲ್ಲವನ್ನೂ ಬರೆದಿಡಿ, ಫೋಟೋ ತೆಗೆಯಿರಿ. ಬಾಗಿಲು ಮುಚ್ಚಿ ಅದರ ಮೇಲ್ಚೌಕಟ್ಟಿಗೂ ಗಟರ್‌ಗೂ ನಡುವಿನ ಸಂದು ಎಷ್ಟಿದೆ ಎಂದು ಮೂರು ನಾಲ್ಕು ಜಾಗದಲ್ಲಿ ನೋಡಿ.

ಹೊರಗಿನ ಶೀಟು ಮಾತ್ರ ಹೋಗುವುದರಿಂದ, ಬದಿಯ ರೈಲು ಮತ್ತು ಮುಂದಿನ ಹಿಂದಿನ ಅಡ್ಡ ತೊಲೆಗಳು ಹಾಗೇ ಉಳಿಯುತ್ತವೆ. ಆದರೂ ಮುಂದಿನ ಪಿಲ್ಲರ್‌ನಿಂದ ಹಿಂದಿನ ಪಿಲ್ಲರ್‌ಗೆ, ಎಡದಿಂದ ಬಲಕ್ಕೆ 25 ಮಿಲಿಮೀಟರ್ ಚೌಕ ಪೈಪು ಹಾಕಿ ಬಿಗಿ ಮಾಡಿ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದ ಕಾರಾದರೆ ಮೊದಲು ಸಿಲ್ ಸರಿಮಾಡಿ, ಆಮೇಲೆ ಟಾಪ್. ಈ ಕ್ರಮ ತಿರುವುಮುರುವು ಆದರೆ ಹೊಸ ಟಾಪ್ ಸೊಟ್ಟ ಬಾಡಿಗೇ ಸರಿಯಾಗಿ ಕೂತುಬಿಡುತ್ತದೆ.

ಹಳೆಯ ಶೀಟು ಬಿಡಿಸುವುದು

ಗಟರ್ ಒಳಗೆ ನೀರು ತಡೆಯುವ ಸೀಲರ್ ತುಂಬಿರುತ್ತದೆ. ಹೀಟ್ ಗನ್‌ನಿಂದ ಮೆತ್ತಗೆ ಮಾಡಿ ಕೆರೆದು ತೆಗೆಯಿರಿ. ಗ್ರೈಂಡರ್ ಹಿಡಿದರೆ ಕೆಳಗಿನ ತಗಡೂ ಹೋಗುತ್ತದೆ. ಸೀಲರ್ ಹೋದ ಮೇಲೆ ತಂತಿ ಬ್ರಷ್ ಆಡಿಸಿ. ದುಂಡಗಿನ ಸಣ್ಣ ತಗ್ಗುಗಳು ಸಾಲಾಗಿ ಕಾಣುತ್ತವೆ. ಅವೇ ಸ್ಪಾಟ್ ವೆಲ್ಡ್‌ಗಳು, ಎರಡು ತಗಡನ್ನು ಚುಕ್ಕೆಯಾಗಿ ಬೆಸೆದ ಜಾಗಗಳು. ಡ್ರಿಲ್ ಹಿಡಿಯುವ ಮುಂಚೆ ಪಕ್ಕದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಪ್ರತಿ ಚುಕ್ಕೆಯ ಜಾಗವನ್ನೂ ಅದರ ಮೇಲೆ ಗುರುತು ಮಾಡಿಕೊಳ್ಳಿ. ಆಮೇಲೆ ಆ ಟೇಪನ್ನು ಹೊಸ ಶೀಟಿನ ಅಂಚಿಗೆ ಅಂಟಿಸಿದರೆ ಎಷ್ಟು ವೆಲ್ಡ್, ಎಷ್ಟು ಅಂತರ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಕಾರ್ಖಾನೆಯ ಲೆಕ್ಕಕ್ಕಿಂತ ಒಂದೂ ಕಡಿಮೆ ಆಗಬಾರದು. ಕಾರಿನ ಬಿಗಿ ಅದರ ಮೇಲೆ ನಿಂತಿದೆ.

ಪ್ರತಿ ಚುಕ್ಕೆಯ ಮಧ್ಯಕ್ಕೆ ಪಂಚ್ ಹೊಡೆದು, 8 ಮಿಲಿಮೀಟರ್ ಸ್ಪಾಟ್ ವೆಲ್ಡ್ ಬಿಟ್‌ನಿಂದ ಮೇಲಿನ ತಗಡನ್ನು ಮಾತ್ರ ಕೊರೆಯಿರಿ. ಮೇಲಿನ ತಗಡು ಬಿಟ್ಟುಕೊಂಡಾಗ ಕೈಗೆ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಿ. ತೆಳ್ಳಗಿನ ಉಳಿ ತೂರಿಸಿ ಮೆಲ್ಲಗೆ ಬಡಿದರೆ ಬೇರ್ಪಡುತ್ತದೆ. ಬಿಡದಿದ್ದರೆ ಬಲ ಹಾಕಬೇಡಿ, ಎಲ್ಲೋ ಒಂದು ಚುಕ್ಕೆ ಉಳಿದಿದೆ, ಹುಡುಕಿ.

ಪಿಲ್ಲರ್‌ಗಳ ಮೂಲೆಯಲ್ಲಿ ಜೋಡಣೆ ಕಾಣದ ಹಾಗೆ ಕಾರ್ಖಾನೆಯವರು ಸೀಸ ತುಂಬಿರುತ್ತಾರೆ. ಸೀಸಕ್ಕೆ ಎಂದೂ ಗ್ರೈಂಡರ್ ಅಥವಾ ಸ್ಯಾಂಡರ್ ಹಿಡಿಯಬಾರದು. ಆ ಪುಡಿ ವಿಷ, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಅಪಾಯ. ಸಣ್ಣ ಗ್ಯಾಸ್ ಟಾರ್ಚ್‌ನ ಉರಿಯಿಂದ ಹದವಾಗಿ ಕಾಯಿಸಿ, ಕರಗಿದಂತೆ ತಂತಿ ಬ್ರಷ್‌ನಿಂದ ತಗಡಿನ ತಟ್ಟೆಗೆ ಇಳಿಸಿಕೊಳ್ಳಿ. ಬಾಡಿ ಕೆಲಸದ ಸೀಸ 180ರಿಂದ 260 ಡಿಗ್ರಿ ಸೆಲ್ಸಿಯಸ್ ನಡುವೆಯೇ ಮೆತ್ತಗಾಗುತ್ತದೆ, ತಗಡು ಕೆಂಪಾಗುವ ತನಕ ಕಾಯಿಸುವ ಅಗತ್ಯವಿಲ್ಲ. ಮಾಸ್ಕ್ ಇರಲಿ, ಬಾಗಿಲು ತೆರೆದಿರಲಿ. ಆ ಬಟ್ಟೆಯಲ್ಲೇ ಊಟಕ್ಕೆ ಕೂರಬೇಡಿ.

ಸೀಸದ ಕೆಳಗೆ ಹಳೆಯ ಜೋಡಣೆಯ ಗೆರೆ ಸಿಗುತ್ತದೆ. ಅಲ್ಲಿ ಕತ್ತರಿಸಿ, ಇಬ್ಬರು ಮೂವರು ಹಿಡಿದು ಶೀಟನ್ನು ನೇರವಾಗಿ ಮೇಲಕ್ಕೆ ಎತ್ತಿ.

ಈಗ ನಿಜ ಸ್ಥಿತಿ ಕಾಣುತ್ತದೆ. ವಿಂಡ್‌ಶೀಲ್ಡ್ ಚೌಕಟ್ಟಿನ ಮೂಲೆಗಳು, ಹಿಂದಿನ ಗಾಜಿನ ಮೂಲೆಗಳು ತುಕ್ಕು ಅಡಗುವ ಜಾಗಗಳು. ಈಗ ಸರಿಮಾಡಿದರೆ ಸರಿ, ಹೊಸ ಶೀಟು ಕೂತ ಮೇಲೆ ಆ ಜಾಗಕ್ಕೆ ಕೈ ಹೋಗುವುದಿಲ್ಲ. ಕೊಳೆತ ತಗಡನ್ನು ಕತ್ತರಿಸಿ ಹೊಸದು ಹಾಕಿ, ಒಳಗಿನ ತೊಲೆಗಳಿಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ವೆಲ್ಡ್ ಬೀಳುವ ಅಂಚುಗಳಿಗೆ ಮಾತ್ರ ಅದು ಬೇಡ, ಅಲ್ಲಿಗೆ ವೆಲ್ಡ್ ಮಾಡುವ ಅಂಚುಗಳಿಗೆಂದೇ ಬರುವ, ಸತುವಿರುವ ವೆಲ್ಡ್-ಥ್ರೂ ಪ್ರೈಮರ್ ತೆಳ್ಳಗೆ ಸಾಕು.

ಹೊಂದಿಸುವುದು

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಇಲ್ಲಿಗೆ ಹೋಗಬೇಕು. ವೆಲ್ಡಿಂಗ್ ಒಂದು ದಿನದ ಕೆಲಸ. ಹೊಂದಿಸಲು ವಾರ ಹಿಡಿದರೂ ಅವಸರ ಮಾಡಬೇಡಿ. ವೆಲ್ಡರ್‌ನ ಕೈಚಳಕಕ್ಕಿಂತ ಹೊಂದಿಸುವವರ ತಾಳ್ಮೆಯೇ ಟಾಪ್‌ನ ಹಣೆಬರಹ ಬರೆಯುತ್ತದೆ.

ಮುಂದಿನ ಹಿಂದಿನ ತೊಲೆಗಳ ನಟ್ಟನಡುವೆ ಒಂದೊಂದು ಗೆರೆ, ಹೊಸ ಶೀಟಿನ ಎರಡು ಅಂಚಿನ ನಟ್ಟನಡುವೆ ಒಂದೊಂದು ಗೆರೆ ಹಾಕಿ. ಗೆರೆಗೆ ಗೆರೆ ಕೂಡಿಸಿ ಶೀಟು ಇಡಿ. ಮೊದಲು ಮುಂದಿನ ಅಂಚಿನ ಮಧ್ಯಕ್ಕೆ ಕ್ಲ್ಯಾಂಪ್, ಆಮೇಲೆ ಹಿಂದಿನ ಅಂಚಿನ ಮಧ್ಯಕ್ಕೆ, ಅಲ್ಲಿಂದ ಎರಡೂ ಬದಿಗೆ. ಗಟರ್‌ಗಳು ಕೊನೆಗೆ. ಮೂಲೆಯಿಂದ ಶುರುಮಾಡಿದರೆ ಸಡಿಲವೆಲ್ಲ ಮಧ್ಯಕ್ಕೆ ಬಂದು ನಿಲ್ಲುತ್ತದೆ.

ಗಟರ್‌ನಲ್ಲಿ ಶೀಟಿನ ಅಂಚು ತಾನಾಗಿ ತಳಕ್ಕೆ ಕೂರಬೇಕು. ಎದ್ದು ನಿಂತಿದ್ದರೆ ಕ್ಲ್ಯಾಂಪ್ ಬಿಗಿದು ಒತ್ತಿ ಹಿಡಿಯುವ ಆಸೆ ಆಗುತ್ತದೆ. ಬೇಡ. ಬಲವಂತವಾಗಿ ಹಿಡಿದಿಟ್ಟ ತಗಡು ವೆಲ್ಡ್ ಆದ ಮೇಲೂ ಒಳಗೆ ಎಳೆಯುತ್ತಲೇ ಇರುತ್ತದೆ, ಬಿಸಿಲಿಗೆ ಕಾರು ನಿಲ್ಲಿಸಿದಾಗ ಟಪ್ ಟಪ್ ಸದ್ದು ಬರುತ್ತದೆ. ಎಲ್ಲಿ ತಾಗುತ್ತಿದೆ ಎಂದು ನೋಡಿ, ಅಷ್ಟು ಮಾತ್ರ ಉಜ್ಜಿ, ಮತ್ತೆ ಇಟ್ಟು ನೋಡಿ. ಹೀಗೆ ಎಷ್ಟು ಸಲ ಇಳಿಸಿ ಏರಿಸಬೇಕಾಗುತ್ತದೋ ಅಷ್ಟು ಸಲ.

ಎಲ್ಲ ಕೂತಿತು ಅನ್ನಿಸಿದಾಗ ಬರೆದಿಟ್ಟ ಅಳತೆಗಳನ್ನು ಒಂದೊಂದಾಗಿ ತಾಳೆ ನೋಡಿ. ಬಾಗಿಲು ಮುಚ್ಚಿ ತೆಗೆಯಿರಿ. ಆಮೇಲೆ ವಿಂಡ್‌ಶೀಲ್ಡ್ ಅನ್ನೇ ತಂದು ಅದರ ಜಾಗದಲ್ಲಿ ಹಿಡಿದು ನೋಡಿ. ಸುತ್ತ ಒಂದೇ ಸಮ ಸಂದು ಇರಬೇಕು, ಗಾಜಿನ ಬಾಗೂ ಚೌಕಟ್ಟಿನ ಬಾಗೂ ಒಂದೇ ಇರಬೇಕು. ಹಿಂದಿನ ಗಾಜಿಗೂ ಹೀಗೇ. ಚೌಕಟ್ಟು ಸ್ವಲ್ಪ ತಿರುಚಿದ್ದರೂ ಗಾಜು ಆ ದಿನ ಕೂರುತ್ತದೆ, ಆದರೆ ಮೊದಲ ಚಳಿಗೋ ಮೊದಲ ಗುಂಡಿಗೋ ಬಿರುಕು ಬಿಡುತ್ತದೆ. ಎಲ್ಲ ಸರಿ ಇದ್ದರೆ ಅಂಚುಗಳಲ್ಲಿ ಸಣ್ಣ ಸ್ಕ್ರೂಗಳನ್ನು ಹಾಕಿ ಜಾಗ ಕಾಯಂ ಮಾಡಿಕೊಳ್ಳಿ. ಶೀಟು ಇಳಿಸಿ ಮತ್ತೆ ಇಟ್ಟಾಗ ಅದೇ ಜಾಗಕ್ಕೆ ಬರುತ್ತದೆ.

ಪಿಲ್ಲರ್ ಮೂಲೆಗಳಲ್ಲಿ ಹೊಸ ಶೀಟಿನ ಹೆಚ್ಚುವರಿ ಭಾಗವನ್ನು ಈಗ ಕತ್ತರಿಸಿ. ಎರಡೂ ಅಂಚು ಎದುರುಬದುರು ಮುಟ್ಟುವ ಹಾಗೆ, ನಡುವೆ ಒಂದು ಮಿಲಿಮೀಟರ್ ಮೀರದ ಸಂದು ಇರಲಿ.

ವೆಲ್ಡಿಂಗ್

ತೆಗೆದ ಹಳೆಯ ಟಾಪ್ ಇದೆಯಲ್ಲ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ತಗಡು ಸಿಗುವುದಿಲ್ಲ. ಅದೇ ದಪ್ಪ, ಅದೇ ಲೇಪ. ಎರಡು ಪಟ್ಟಿ ಕತ್ತರಿಸಿ, ಮೇಲಿನದಕ್ಕೆ ತೂತು ಹಾಕಿ ಪ್ಲಗ್ ವೆಲ್ಡ್ ಮಾಡಿ, ಅಂದರೆ ಆ ತೂತನ್ನು ವೆಲ್ಡ್‌ನಿಂದ ತುಂಬಿ ಕೆಳಗಿನ ತಗಡಿಗೆ ಬೆಸೆಯಿರಿ. ಆರಿದ ಮೇಲೆ ಇಕ್ಕಳದಿಂದ ಸುಲಿಯಿರಿ. ವೆಲ್ಡ್ ತನ್ನ ಜೊತೆ ಇನ್ನೊಂದು ತಗಡಿನ ತುಂಡನ್ನೂ ಕಿತ್ತುಕೊಂಡು ಬಂದರೆ ಅದು ಗಟ್ಟಿ ವೆಲ್ಡ್. ಸುಮ್ನೆ ಬಿಟ್ಟುಕೊಂಡು ಬಂದರೆ ಮೆಷಿನ್ ಸೆಟ್ಟಿಂಗ್ ಬದಲಿಸಿ. ಹೀಗೆ ಸಾಲಾಗಿ ಗಟ್ಟಿ ವೆಲ್ಡ್ ಬರುವ ತನಕ ಕಾರನ್ನು ಮುಟ್ಟಬೇಡಿ.

ಗಾಜಿನ ಚೌಕಟ್ಟಿನ ಅಂಚುಗಳಿಗೆ ಎರಡು ಕಡೆಯಿಂದ ಹಿಡಿಯುವ ಸ್ಪಾಟ್ ವೆಲ್ಡರ್ ಬಾಡಿಗೆಗೆ ಸಿಕ್ಕರೆ ಅದನ್ನೇ ಬಳಸಿ. ಕಾರ್ಖಾನೆಯಂತೆಯೇ ಬರುತ್ತದೆ, ಉಜ್ಜುವ ಕೆಲಸವೂ ಇಲ್ಲ. ಗಟರ್‌ಗೆ ಮಿಗ್ ವೆಲ್ಡಿಂಗ್, ಅಂದರೆ ಮೆಷಿನ್ ತಾನೇ ತಂತಿ ಬಿಡುತ್ತಾ ಹೋಗುವ ವೆಲ್ಡಿಂಗ್. 0.6 ಮಿಲಿಮೀಟರ್ ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸ್. ಟೇಪಿನಲ್ಲಿ ಗುರುತಿಸಿದ ಜಾಗಗಳಲ್ಲಿ ಹೊಸ ಶೀಟಿಗೆ 6ರಿಂದ 8 ಮಿಲಿಮೀಟರ್ ತೂತು ಹಾಕಿರಬೇಕು. ಪ್ರತಿ ತೂತಿನೊಳಗಿನ ಪ್ರೈಮರ್ ಕೆರೆದು ತೆಗೆಯಿರಿ, ಇಲ್ಲದಿದ್ದರೆ ವೆಲ್ಡ್ ಸಿಡಿಯುತ್ತದೆ.

ಸತು ಇರುವ ಕಾರಾದರೆ ಹೊಗೆಯ ಬಗ್ಗೆ ಎಚ್ಚರ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಉಕ್ಕು ಕರಗಲು ಅದಕ್ಕಿಂತ ಬಹಳ ಜಾಸ್ತಿ ಶಾಖ ಬೇಕು. ಅಂದರೆ ಉಕ್ಕು ಕರಗುವ ಮುಂಚೆಯೇ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ. ವೆಲ್ಡ್ ಬೀಳುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ. ಸರಿಯಾದ ರೆಸ್ಪಿರೇಟರ್ ಹಾಕಿ, ಬಟ್ಟೆಯ ಮಾಸ್ಕ್ ಸಾಲದು.

ಕ್ರಮ ಹೀಗಿರಲಿ: ಮುಂದಿನ ಮಧ್ಯದಲ್ಲಿ ಒಂದು, ಹಿಂದಿನ ಮಧ್ಯದಲ್ಲಿ ಒಂದು, ಎಡ ಗಟರ್‌ನಲ್ಲಿ ಒಂದು, ಬಲದಲ್ಲಿ ಒಂದು. ಪ್ರತಿ ವೆಲ್ಡ್‌ನ ಪಕ್ಕ ಕ್ಲ್ಯಾಂಪ್ ಇರಬೇಕು, ಎರಡು ತಗಡಿನ ನಡುವೆ ಗಾಳಿ ಇರಬಾರದು. ಪಕ್ಕಪಕ್ಕದ ಎರಡನ್ನು ಒಂದಾದ ಮೇಲೊಂದು ಮಾಡಬೇಡಿ. ಕೈಯಿಟ್ಟರೆ ತಣ್ಣಗಿದೆ ಅನ್ನುವ ಜಾಗಕ್ಕೆ ಮಾತ್ರ ಹೋಗಿ. ಬೇಗ ಆರಲಿ ಎಂದು ಒದ್ದೆ ಬಟ್ಟೆ ಒತ್ತಬೇಡಿ, ತಾನಾಗಿ ಆರಲಿ. ಪಿಲ್ಲರ್ ಮೂಲೆಗಳ ಜೋಡಣೆ ಕೊನೆಗೆ, ಅದೂ ಒಂದೊಂದೇ ಚುಕ್ಕೆಯಾಗಿ.

ಒಬ್ಬರೇ ಈ ಕೆಲಸ ಮಾಡಬೇಡಿ. ಫೈರ್ ಎಕ್ಸ್‌ಟಿಂಗ್ವಿಶರ್ ಹಿಡಿದು ಕಾರಿನೊಳಗೆ ಕಣ್ಣಿಟ್ಟಿರುವ ಇನ್ನೊಬ್ಬರು ಬೇಕೇ ಬೇಕು. ಹಳೆಯ ಸೀಲರ್, ಅಂಟು, ಪೊಳ್ಳಿನೊಳಗಿನ ಮೇಣ ಎಲ್ಲವೂ ಉರಿಯುತ್ತವೆ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಮುಗಿಸುವುದು

ಗಾಜಿನ ಚೌಕಟ್ಟಿನ ಅಂಚಿನಲ್ಲಿ ವೆಲ್ಡ್ ಉಬ್ಬು ಉಳಿಯದಂತೆ ಸಮ ಮಾಡಿ, ಅಲ್ಲಿ ಬೀಡಿಂಗ್ ಕೂರುತ್ತದೆ. ಪಿಲ್ಲರ್ ಮೂಲೆಗಳಿಗೆ ಮತ್ತೆ ಸೀಸ ತುಂಬುವುದು ಹಳೆಯ ರೀತಿ. ಆ ಕೆಲಸ ಬಲ್ಲವರು ಸಿಕ್ಕರೆ ಮಾಡಿಸಿ. ಇಲ್ಲದಿದ್ದರೆ ಎರಡು ಭಾಗ ಕಲಸುವ ಎಪಾಕ್ಸಿ ಮೆಟಲ್ ಫಿಲ್ಲರ್ ಸಾಕು, ಅದಕ್ಕೆ ಶಾಖವೂ ಬೇಡ. ಸಾಮಾನ್ಯ ಪುಟ್ಟಿಯನ್ನು ಜೋಡಣೆಯ ಮೇಲೆ ನೇರವಾಗಿ ಬಳಿಯಬೇಡಿ, ಅದು ನೀರು ಹೀರುತ್ತದೆ.

ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಗಟರ್‌ಗೆ ಸೀಲರ್. ಈ ಹಂತದಲ್ಲೇ, ಒಳಗೆ ಇನ್ನೂ ಬರಿದಾಗಿರುವಾಗ, ಗಟರ್‌ಗೆ ಮಗ್ಗಿನಿಂದ ನೀರು ಹೊಯ್ದು ಒಳಗಿನಿಂದ ಟಾರ್ಚ್ ಹಿಡಿದು ನೋಡಿ. ಒಂದು ಹನಿ ಕಂಡರೂ ಸೀಲರ್ ತೆಗೆದು ಮತ್ತೆ ಹಾಕಿ. ಸನ್‌ರೂಫ್‌ನ ಹಳೆಯ ನೀರಿನ ಕೊಳವೆಗಳನ್ನು ಬಿಡಿಸಿ, ಅವು ಹೊರಬರುತ್ತಿದ್ದ ತೂತುಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ.

ಬಣ್ಣವನ್ನು ಪೇಂಟರ್‌ಗೆ ಬಿಡುವುದು ಒಳ್ಳೆಯದು. ಗಟ್ಟಿಕಾರಕ ಬೆರೆಸುವ ಬಣ್ಣದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅದಕ್ಕೆ ಹೊರಗಿನಿಂದ ಗಾಳಿ ಬರುವ ಮಾಸ್ಕ್ ಬೇಕು. ಖರ್ಚಿನ ಲೆಕ್ಕ ಹಾಕುವಾಗ ಒಂದು ವಿಷಯ ನೆನಪಿಡಿ: 911ರಲ್ಲಿ ಟಾಪ್‌ಗೂ ಹಿಂದಿನ ಬದಿಗೂ ನಡುವೆ ಹೊರಗೆ ಕಾಣುವ ಗೆರೆ ಇಲ್ಲ. ಬಣ್ಣ ಎಲ್ಲಿ ನಿಲ್ಲಿಸುವುದು? ಹಾಗಾಗಿ ಎರಡೂ ಹಿಂಬದಿಗಳಿಗೆ ಕ್ಲಿಯರ್ ಕೋಟ್ ಹೊಡೆಯಲೇಬೇಕಾಗುತ್ತದೆ. ಬರೀ ಟಾಪ್‌ಗೆ ಅಂತ ದರ ಹೇಳುವವರಿಗೆ ಇದನ್ನು ಮೊದಲೇ ಕೇಳಿ.

ಬಣ್ಣ ಆರಿದ ಮೇಲೆ ಪಿಲ್ಲರ್‌ಗಳ ಒಳಗೆ, ತೊಲೆಗಳ ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳುಗಳಿಗೆ ಹೊಡೆಯುವ ಮೇಣ) ಹೊಡೆಯಿರಿ. ವೆಲ್ಡಿಂಗ್‌ನಲ್ಲಿ ಸತು ಸುಟ್ಟುಹೋದ ಜಾಗಕ್ಕೆ ಇನ್ನು ಅದೇ ಕಾವಲು. ಆಮೇಲೆ ಹೆಡ್‌ಲೈನರ್. ಗಾಜುಗಳಿಗಿಂತ ಮುಂಚೆ ಅದು ಹೋಗಬೇಕು, ಅದರ ಅಂಚು ಬೀಡಿಂಗ್ ಕೆಳಗೆ ಸೇರುತ್ತದೆ. ವಿನೈಲನ್ನು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹರಡಿಟ್ಟರೆ ಮೆತ್ತಗಾಗಿ ಚೆನ್ನಾಗಿ ಎಳೆಯಲು ಬರುತ್ತದೆ. ಕಂಬಿಗಳನ್ನು ಜಾಗಕ್ಕೆ ಸೇರಿಸಿ, ಮಧ್ಯದಿಂದ ಮುಂದಕ್ಕೂ ಹಿಂದಕ್ಕೂ ಎಳೆದು ಕ್ಲಿಪ್ ಹಾಕಿ, ಸುಕ್ಕು ಹೋದ ಮೇಲಷ್ಟೇ ಅಂಟು ಹಚ್ಚಿ.

ಕೊನೆಗೆ ಗಾಜು. ಹೊಸ ಬೀಡಿಂಗನ್ನು ಗಾಜಿಗೆ ಹಾಕಿ, ಅಲ್ಯೂಮಿನಿಯಂ ಪಟ್ಟಿಯನ್ನು ಗಾಜು ಕಾರಿಗೆ ಹೋಗುವ ಮುಂಚೆಯೇ ಬೀಡಿಂಗ್‌ಗೆ ಸೇರಿಸಬೇಕು, ಆಮೇಲೆ ಹಾಕಲು ಬರುವುದಿಲ್ಲ. ಬೀಡಿಂಗ್‌ನ ಒಳ ಕಾಲುವೆಯಲ್ಲಿ ಗಟ್ಟಿ ದಾರ ಸುತ್ತಿ, ಸೋಪಿನ ನೀರು ಸವರಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗೆ ಕೂತು ದಾರವನ್ನು ನಿಧಾನವಾಗಿ ಎಳೆಯುತ್ತಾ ರಬ್ಬರ್‌ನ ತುಟಿಯನ್ನು ಚೌಕಟ್ಟಿನ ಮೇಲೆ ತರಬೇಕು. ಒಂದು ಕಡೆ ಬಿಗಿಯಾಯಿತು ಅನ್ನಿಸಿದರೆ ನಿಲ್ಲಿಸಿ, ಹೊರತೆಗೆದು ಮತ್ತೆ ಶುರುಮಾಡಿ. ಕಂಟ್ರೋಲ್ ಯೂನಿಟ್ ಮತ್ತು ಬ್ಯಾಟರಿಯನ್ನು ಜೋಡಿಸುವುದು ಗಾಜು ಕೂತ ಮೇಲೆ, ಸೀಟುಗಳು ಒಳಗೆ ಹೋಗುವ ಮುಂಚೆ.